ತಟ್ಟೆ ತೊಳೆದ ನೀರು

ಬಡವರ ಜೊತೆ ಬಾಳುವುದು ಎಷ್ಟು ಕಷ್ಟವೋ ನಾನು ಕಾಣೆ. ಬೇಕೆಂದೇ ಬಡತನ ಹಚ್ಚಿಕೊಂಡವರ ಜೊತೆ ಒಂದೇ ಸೂರಿನ ಕೆಳಗೆ ಇರುವುದು ಮಾತ್ರ ಬಲು ಕಷ್ಟ. ನಮ್ಮ ನಾದಿನಿ ದಾಕ್ಷಾಯಿಣಿಯವರು ಆಫ್ರಿಕಾದಿಂದ ವಾಪಸ್ ಬಂದ ಮೇಲೆ ನನಗಿದು ಚೆನ್ನಾಗಿ ಅರ್ಥವಾಯಿತು. ಅವರು ನೆಲಕ್ಕೆ ಚಾಪೆ ಹಾಸಿಕೊಂಡು ಮಲಗಿದರೆ ಮಂಚದ ಮೇಲೆ ನಮಗೆ ನಿದ್ದೆ ಬರುವುದಿಲ್ಲ. ಅವರು ಅರ್ಧ ಬಕೆಟ್ ನೀರಿನಲ್ಲಿ ಸ್ನಾನ ಮುಗಿಸಿ ಬಂದರೆ, ಗೀಸರ್ ಹಾಕಿಕೊಂಡು ಕಾಯುತ್ತಿರುವ ನನಗೆ ಏನೋ ಕಳ್ಳತನ ಮಾಡಿದ ಹಾಗಾಗುತ್ತದೆ. ಅವರು ಬಾಯಿ ಬಿಟ್ಟು ಒಂದು ಮಾತೂ ಅನ್ನುವವರಲ್ಲ. ಅಂದಿದ್ದರೆ ನಾನೂ ಎರಡು ಮಾತು ತಿರುಗಿಸಿ ಅಂದು ಹಗುರಾಗುತ್ತಿದ್ದೆ.

ಅವರು ನಮ್ಮನೆಯವರ ಅಕ್ಕ. ಚಳ್ಳಕೆರೆಯಲ್ಲಿ ನಮ್ಮದು ಶೇಂಗಾ ಎಣ್ಣೆಯ ಮಿಲ್ಲು, ಮಾವನವರ ಕಾಲದಿಂದ ನಡೆದುಕೊಂಡು ಬಂದದ್ದು. ಅಂಥ ಮನೆಯ ಹಿರಿಯ ಮಗಳಾಗಿ ಹುಟ್ಟಿ, ಮದುವೆ ಬೇಡವೆಂದು ಹಟ ಹಿಡಿದು, ನರ್ಸ್ ಕೆಲಸಕ್ಕೆ ಸೇರಿ, ಸರ್ಕಾರಿ ಆಸ್ಪತ್ರೆಗಳಲ್ಲೇ ತಲೆ ನರೆಸಿಕೊಂಡವರು ಅವರು. ಮಾವನವರು ಹಾಸಿಗೆ ಹಿಡಿದಾಗ ಮೈ ಒರೆಸಿ, ಬಾಯಿಗೆ ಗಂಜಿ ಹಾಕಿದ್ದೂ ಅವರೇ. ಮಾವನವರು ಹೋದರು, ಇವರಿಗೆ ನಿವೃತ್ತಿಯಾಯಿತು, ಇನ್ನು ಮಹಡಿ ಮೇಲಿನ ರೂಮಿನಲ್ಲಿ ಆರಾಮಾಗಿ ಇರುತ್ತಾರೆ ಎಂದುಕೊಂಡು ನಾನು ಆ ರೂಮಿಗೆ ಸುಣ್ಣ ಬಣ್ಣ ಮಾಡಿಸಿದೆ. ಬಣ್ಣದ ವಾಸನೆ ಹೋಗುವುದರೊಳಗೆ ಅವರು ಒಂದು ಮಠದ ಸೇವಾ ಬಳಗಕ್ಕೆ ಹೆಸರು ಕೊಟ್ಟು ಬಂದಿದ್ದರು.

ಆ ಬಳಗದವರು ಮಲಾವಿ ಎಂಬ ದೇಶದ ಹಳ್ಳಿಗಳಿಗೆ ಜನರನ್ನು ಕಳಿಸುತ್ತಾರೆ. ಅಲ್ಲಿ ಒಂದು ಸಣ್ಣ ಔಷಧದ ಕೊಠಡಿ. ಗಾಯಕ್ಕೆ ಪಟ್ಟಿ ಕಟ್ಟುವುದು, ಕೂಸುಗಳ ತೂಕ ನೋಡುವುದು, ಬಸುರಿಯರಿಗೆ ಮಾತ್ರೆ ಕೊಡುವುದು ಇವರ ಕೆಲಸ. ಬಳಗದ ನೇಮ ಒಂದೇ. ಸೇವೆಗೆ ಹೋದವರು ತಮ್ಮ ಮನೆಯ ದುಡ್ಡನ್ನು ಅಲ್ಲಿ ಮುಟ್ಟುವಂತಿಲ್ಲ. ಊರಿನ ಒಂದು ಬಡವರ ಮನೆಯಲ್ಲಿ ಇರಬೇಕು, ಅವರು ಉಂಡದ್ದನ್ನು ಉಣ್ಣಬೇಕು, ಅವರು ಮಲಗಿದ ಹಾಗೆ ಮಲಗಬೇಕು. ಬಡತನವೂ ಒಂದು ವ್ರತ ಎನ್ನುತ್ತಾರೆ ಅವರು. ನಮ್ಮನೆಯವರು, ಹಾಲೇಶಪ್ಪನವರು, ಆಗ ಮನೆಯೆಲ್ಲ ಕೂಗಾಡಿದ್ದರು. ಅಕ್ಕ ಮಾತ್ರ ಎರಡು ಕಾಟನ್ ಸೀರೆ, ವಿಭೂತಿ ಗಟ್ಟಿ ಚೀಲಕ್ಕೆ ಹಾಕಿಕೊಂಡು, ಕೊರಳಲ್ಲಿ ಇಷ್ಟಲಿಂಗ ಧರಿಸಿ ಹೊರಟೇ ಹೋದರು.

ಎರಡು ವರ್ಷದ ಹತ್ತಿರ ಇದ್ದರು. ಈ ಸಲ ಶಿವರಾತ್ರಿ ಕಳೆದ ಮೇಲೆ ಮಲೇರಿಯಾ ಹಿಡಿದು ಮೂಳೆ ಚಕ್ಕಳವಾಗಿ ಬಂದರು. ಬಳಗದವರೇ ಕರೆತಂದು ಬಿಟ್ಟರು. ಗುಣವಾಗುವವರೆಗೆ ಇಲ್ಲಿರಲಿ, ಮಳೆಗಾಲಕ್ಕೆ ಮತ್ತೆ ಹೋಗಲಿ ಎಂದು ಅವರ ಲೆಕ್ಕ. ಇನ್ನು ಯಾವ ಕಾರಣಕ್ಕೂ ಕಳಿಸುವುದಿಲ್ಲ ಎಂದು ನಮ್ಮನೆಯವರ ಹಟ. ಅಕ್ಕನ ಮನಸ್ಸಿನಲ್ಲಿ ಏನಿತ್ತೋ ಯಾರಿಗೂ ತಿಳಿಯಲಿಲ್ಲ.

ಚಾಪೆ, ಅರ್ಧ ಬಕೆಟ್ ನೀರು, ಇವಕ್ಕೆಲ್ಲ ನಾವು ಹೇಗೋ ಹೊಂದಿಕೊಂಡೆವು. ಮನೆಯಲ್ಲಿ ನಿಜವಾದ ಜಗಳ ಹತ್ತಿದ್ದು ಊಟದ ವಿಷಯಕ್ಕೆ.

ನಮ್ಮದು ಪ್ರಸಾದದ ಮನೆ. ತಟ್ಟೆಗೆ ಬಿದ್ದದ್ದು ಪ್ರಸಾದ, ಒಂದು ಅಗುಳೂ ಬಿಡುವಂತಿಲ್ಲ. ಊಟ ಮುಗಿದ ಮೇಲೆ ತಟ್ಟೆಗೆ ನೀರು ಹಾಕಿ, ಬೆರಳಾಡಿಸಿ ತೊಳೆದು, ಆ ನೀರನ್ನೂ ಕುಡಿಯಬೇಕು. ನಮ್ಮ ತವರಿನಲ್ಲಿ ಅನ್ನ ಬಿಡಬಾರದು ಎನ್ನುವಷ್ಟೇ ಇತ್ತು, ಹಾಗಾಗಿ ಮದುವೆಯಾದ ಹೊಸದರಲ್ಲಿ ನಾನು ಮುಖ ಸಿಂಡರಿಸಿದ್ದುಂಟು. ಮಾವನವರು ಬೈಯಲಿಲ್ಲ. ನನ್ನೆದುರಿಗೆ ಕೂತು ತಟ್ಟೆ ತೊಳೆದು, ಎತ್ತಿ ಕುಡಿದು ತೋರಿಸಿದರು. ಅವರ ಮಕ್ಕಳಲ್ಲಿ ಈ ನೇಮವನ್ನು ಅವರಷ್ಟೇ ಕಟ್ಟುನಿಟ್ಟಾಗಿ ಹಿಡಿದವರೆಂದರೆ ದಾಕ್ಷಾಯಿಣಿಯಕ್ಕ. ಆಸ್ಪತ್ರೆಯ ಕ್ಯಾಂಟೀನಿನಲ್ಲೂ ತಟ್ಟೆ ತೊಳೆದು ಕುಡಿಯುತ್ತಿದ್ದರಂತೆ, ಡಾಕ್ಟರುಗಳು ನಗುತ್ತಿದ್ದರಂತೆ.

ಅಂಥವರು ಈಗ ತಟ್ಟೆಯಲ್ಲಿ ಬಿಡತೊಡಗಿದರು. ಮುದ್ದೆಯ ಒಂದು ತುಣುಕು, ನಾಲ್ಕು ತುತ್ತು ಅನ್ನ, ಸ್ವಲ್ಪ ಸಾರು, ಪ್ರತಿ ಊಟಕ್ಕೂ. ಮರೆತು ಬಿಟ್ಟದ್ದಲ್ಲ. ಅದನ್ನು ತಟ್ಟೆಯ ಒಂದು ಬದಿಗೆ ನೀಟಾಗಿ ಸರಿಸಿ, ಅದನ್ನೇ ನೋಡುತ್ತಾ ಕೂತಿರುತ್ತಿದ್ದರು. ಎಂಜಲನ್ನು ನಮ್ಮಲ್ಲಿ ಯಾರಿಗೆ ಕೊಡುವುದು? ಕೊನೆಗೆ ತಾವೇ ಎದ್ದು ಹಿತ್ತಿಲಿನ ನಾಯಿಗೆ ಹಾಕಿ ಬರುತ್ತಿದ್ದರು.

ನಮ್ಮನೆಯವರು ಕೆಲವು ದಿನ ತಡೆದುಕೊಂಡರು. ಆಮೇಲೆ ಒಂದು ಮಧ್ಯಾಹ್ನ ತಡೆಯಲಾಗಲಿಲ್ಲ.

"ಅಕ್ಕ, ಅಪ್ಪ ಇದ್ದಿದ್ರೆ ಏನಂತಿದ್ದ? ದೇವರ ಹೆಸರಲ್ಲಿ ಅಷ್ಟು ದೂರ ಹೋಗಿ, ಪ್ರಸಾದ ಬಿಡೋದು ಕಲ್ತು ಬಂದ್ಯಾ?"

"ಹೊಟ್ಟೆ ತುಂಬ್ತು ಕಣೋ ಹಾಲೇಶ."

"ತುಂಬೋದಾದ್ರೆ ಮೊದ್ಲೇ ಕಮ್ಮಿ ಹಾಕುಸ್ಕೋ. ಬಿಡೋದು ಯಾಕೆ?"

ಅಕ್ಕ ಎದ್ದರು. ತಟ್ಟೆ ಎತ್ತಿಕೊಂಡು ಹಿತ್ತಿಲಿಗೆ ಹೋದರು. ಇವರು ಮುಖ ಊದಿಸಿಕೊಂಡು ಮಿಲ್ಲಿಗೆ ಹೋದರು. ಇಬ್ಬರ ನಡುವೆ ಪಾತ್ರೆ ಬಳಿಯಲು ನಾನೊಬ್ಬಳು ಉಳಿದೆ. ನಿಜ ಹೇಳಬೇಕೆಂದರೆ ನನಗೂ ಬೇಸರವಾಗಿತ್ತು. ಅಡುಗೆ ಮಾಡಿದವಳು ನಾನು, ಬಿಟ್ಟರೆ ಅದು ನನ್ನ ಕೈರುಚಿಗೇ ಬಂದ ಮಾತು.

ಈ ನಡುವೆ ಮುರುಗೇಶ್ ಮೇಷ್ಟ್ರು ಬಂದರು. ನಮ್ಮ ಊರಿನಲ್ಲಿ ಆ ಸೇವಾ ಬಳಗದ ಎಲ್ಲ ಓಡಾಟ ಅವರದೇ. ಹೈಸ್ಕೂಲಿನಲ್ಲಿ ಪಾಠ ಹೇಳಿ ನಿವೃತ್ತರಾದವರು, ಒಳ್ಳೆಯ ಮನುಷ್ಯ, ಮೈಕ್ ಸಿಕ್ಕರೆ ಬಿಡುವುದಿಲ್ಲ ಎನ್ನುವುದೊಂದೇ ದೋಷ. ಅಕ್ಕನಿಗೆ ಸಮುದಾಯ ಭವನದಲ್ಲಿ ಸನ್ಮಾನ ಮಾಡಬೇಕೆಂದು ಗೊತ್ತು ಮಾಡಿದ್ದರು. ಬ್ಯಾನರ್ ಹೇಗೆ ಬಂದಿದೆ ನೋಡಿ ಎಂದು ಮೊಬೈಲ್ ಹಿಡಿದು ತೋರಿಸಿದರು.

ಅದರಲ್ಲಿ ಒಂದು ಫೋಟೋ. ಬಳಗದವರು ಯಾರೋ ಆ ಹಳ್ಳಿಗೆ ಹೋದಾಗ ತೆಗೆದದ್ದು. ಮಣ್ಣಿನ ಮನೆಯೊಳಗೆ ಚಾಪೆಯ ಮೇಲೆ ಅಕ್ಕ ಕೂತಿದ್ದಾರೆ, ಕಣ್ಣು ಮುಚ್ಚಿ ಎರಡೂ ಕೈಯಲ್ಲಿ ತಟ್ಟೆ ಎತ್ತಿ ತೊಳೆದ ನೀರು ಕುಡಿಯುತ್ತಿದ್ದಾರೆ. ಹಿಂದೆ ಬಾಗಿಲಲ್ಲಿ ಮೂವರು ಮಕ್ಕಳು ನಿಂತು ಅವರನ್ನೇ ನೋಡುತ್ತಿದ್ದಾರೆ. ಕೆಳಗೆ ದಪ್ಪಕ್ಷರದಲ್ಲಿ 'ಪ್ರಸಾದ ನಿಷ್ಠೆಯ ಮಹಾತಾಯಿ' ಎಂದು ಬರೆಸಿದ್ದರು.

"ಆ ಮಕ್ಕಳು ದಿನಾ ಸಾಯಂಕಾಲ ಬಂದು ನಿಂತ್ಕೊಳ್ತಿದ್ವಂತೆ," ಎಂದು ಮೇಷ್ಟ್ರು ನನಗೆ ವಿವರಿಸಿದರು. "ನಮ್ಮ ತಾಯಿ ಪ್ರಸಾದ ತಗೊಳೋದನ್ನ ನೋಡಿ ಕಲಿಯೋಕೆ. ಇದನ್ನ ನಾನು ಎಲ್ಲಾ ಕಡೆ ಹೇಳ್ತೀನಿ. ಜನ ಕಣ್ಣೀರು ಹಾಕ್ತಾರೆ."

ನಾನೂ ಆ ಕಥೆ ಕೇಳಿದ್ದೆ. ಮೊದಲ ವರ್ಷ ವಿಡಿಯೋ ಕಾಲ್ ಮಾಡಿದಾಗ ಅಕ್ಕನೇ ಹಿಗ್ಗಿನಿಂದ ಹೇಳಿದ್ದರು. ಈಗ ಅವರು ಫೋಟೋ ನೋಡಿ ಮೊಬೈಲನ್ನು ಮೇಷ್ಟ್ರ ಕೈಗೆ ವಾಪಸ್ ಇಟ್ಟರು.

"ಇದು ಬ್ಯಾಡ ಮೇಷ್ಟ್ರೇ. ಬೇರೆ ಯಾವ್ದಾದ್ರೂ ಹಾಕ್ರಿ."

"ಇದಕ್ಕಿಂತ ಚೆನ್ನಾಗಿರೋದು ಇಲ್ಲ ತಾಯಿ. ನೀವು ಸುಮ್ನಿರಿ, ನಿಮ್ಮ ಸಂಕೋಚ ನಮಗೆ ಗೊತ್ತಿಲ್ವಾ? ಇನ್ನೊಂದು ಮಾತು. ಮಳೆಗಾಲಕ್ಕೆ ಮತ್ತೆ ಹೋಗ್ತೀರಿ ಅಂತ ಸಭೆಯಲ್ಲೇ ಹೇಳಿಬಿಡೋಣ ಅಂತ. ನಿಮ್ಮನ್ನ ನೋಡಿ ಇನ್ನೂ ನಾಲ್ಕು ಜನ ಹೆಸರು ಕೊಡ್ತಾರೆ."

"ನೋಡಾನ," ಎಂದರು ಅಕ್ಕ.

ಮೇಷ್ಟ್ರು ಹೋದ ಮೇಲೆ ಅವರು ಅಡುಗೆಮನೆಯ ಬಾಗಿಲಿಗೆ ಒರಗಿ ನಿಂತರು. ನಾನು ಹುರುಳಿಕಾಳು ಆರಿಸುತ್ತಿದ್ದೆ. ಕೇಳದೆ ಏನನ್ನೂ ಹೇಳುವ ಹೆಂಗಸಲ್ಲ ಅವರು, ಅವತ್ತು ತಾವಾಗಿಯೇ ಹೇಳಿದರು.

"ಹೋಗೋಕೆ ಮನಸ್ಸಿಲ್ಲ ವಾಣಿ. ಹೋಗಲ್ಲ ಅನ್ನೋಕೂ ಆಗ್ತಿಲ್ಲ. ತುಂಬಾ ಸುಸ್ತಾಗೈತೆ."

"ಹಂಗಾದ್ರೆ ಹೋಗಬ್ಯಾಡ್ರಿ ಅಕ್ಕ. ಯಾರು ಕೇಳ್ತಾರೆ ನಿಮ್ಮನ್ನ? ಮಾಡಿದ್ದು ಸಾಕು."

"ಮಾಡಿದ್ದೇನು ಅಂತ ನಿನಗೆ ಗೊತ್ತಿಲ್ಲ," ಎಂದಷ್ಟೇ ಹೇಳಿ ಮೆಟ್ಟಿಲು ಹತ್ತಿ ಹೋದರು. ನಾನು ಇದನ್ನೂ ದೊಡ್ಡವರ ವಿನಯದ ಮಾತೆಂದುಕೊಂಡು ಕಾಳಿನ ಕಡೆ ತಿರುಗಿದೆ.

ಸನ್ಮಾನಕ್ಕೆ ತವರಿನ ಸೀರೆ ಉಡಿಸಬೇಕೆಂದು ನಾನೇ ಹಟ ಹಿಡಿದೆ. ಊರವರು ಹೊದಿಸುವ ಶಾಲು ಊರವರದು, ಮನೆಮಗಳು ವೇದಿಕೆ ಹತ್ತುವಾಗ ಮೈಮೇಲೆ ಮನೆಯವರ ಸೀರೆ ಇರಬೇಕಲ್ಲವೇ? ಬೇಡ ಬೇಡ ಎಂದವರನ್ನು ಕಾರಿನಲ್ಲಿ ಕೂರಿಸಿಕೊಂಡು ಮೊಳಕಾಲ್ಮೂರಿಗೆ ಹೊರಟೆ. ತಳಕು ದಾಟಿ, ಬಿ.ಜಿ.ಕೆರೆ ದಾಟಿ, ಹಾನಗಲ್ ಕ್ರಾಸಿನಲ್ಲಿ ತಿರುಗುವವರೆಗೂ ಅವರು ಕಿಟಕಿಯ ಆಚೆ ನೋಡುತ್ತಾ ಕೂತಿದ್ದರು. ಶೇಂಗಾ ಕಿತ್ತ ಹೊಲಗಳು ಬಿಸಿಲಿಗೆ ಬೆಳ್ಳಗಾಗಿದ್ದವು. ಅಲ್ಲೂ ಶೇಂಗಾ ಬೆಳೆಯುತ್ತಾರೆ ಎಂದು ಒಮ್ಮೆ ಹೇಳಿದರು, ಅಷ್ಟೇ.

ಮೊಳಕಾಲ್ಮೂರಿನಲ್ಲಿ ವೆಂಕಟಪ್ಪ, ತಿಪ್ಪಮ್ಮ ದಂಪತಿ ನಮ್ಮ ಮನೆಗೆ ಬಹಳ ವರ್ಷಗಳಿಂದ ರೇಷ್ಮೆ ಸೀರೆ ನೇಯ್ದು ಕೊಡುವವರು. ನನ್ನ ಮದುವೆಯ ಸೀರೆಯೂ ಅವರ ಮಗ್ಗದ್ದೇ. ಮನೆಯ ಮುಂದಿನ ಕೋಣೆಯ ತುಂಬ ಮಗ್ಗ. ವೆಂಕಟಪ್ಪ ಗುಂಡಿಯೊಳಗೆ ಕಾಲಿಳಿಸಿ ಕೂತು ಸೀರೆಯ ಮೈ ನೇಯುತ್ತಿದ್ದರೆ, ತಿಪ್ಪಮ್ಮ ಪಕ್ಕದಲ್ಲಿ ಕೂತು ಅಂಚಿನ ಲಾಳಿ ಕೊಡುತ್ತಾಳೆ. ಒಬ್ಬರು ಎದ್ದರೆ ಇನ್ನೊಬ್ಬರ ಕೆಲಸವೂ ನಿಂತ ಹಾಗೆ. ನಾವು ಹೋದದ್ದೇ ಇಬ್ಬರೂ ಎದ್ದರು. ಸೀರೆ ಆರಿಸಿದ್ದಾಯಿತು, ಊಟದ ಹೊತ್ತೂ ಆಗಿತ್ತು. ಊಟ ಮಾಡದೆ ಹೋಗಕೂಡದು ಎಂದು ತಿಪ್ಪಮ್ಮ ಬಾಗಿಲಿಗೆ ಅಡ್ಡ ನಿಂತಳು.

ಸಜ್ಜೆ ರೊಟ್ಟಿ, ಬದನೆಕಾಯಿ ಪಲ್ಯ, ಅನ್ನ, ಹುಳಿ. ಅಕ್ಕ ನಿಧಾನಕ್ಕೆ ಉಂಡರು. ಕೊನೆಗೆ ಅರ್ಧ ರೊಟ್ಟಿಯನ್ನೂ ಎರಡು ತುತ್ತು ಅನ್ನವನ್ನೂ ಬದಿಗೆ ಸರಿಸಿ ಕೈ ನಿಲ್ಲಿಸಿದರು. ನನಗೆ ನೆಲ ಬಾಯಿ ಬಿಟ್ಟು ನುಂಗಬಾರದೇ ಅನ್ನಿಸಿತು. ನಮ್ಮ ಮನೆಯಲ್ಲಿ ಬಿಟ್ಟರೆ ಬಿಡಲಿ, ಕೈಯಾರೆ ಬಡಿಸಿದ ಬಡವರ ಮನೆಯಲ್ಲಿ ಬಿಡುವುದೇ?

ತಿಪ್ಪಮ್ಮನ ಮುಖ ಸಣ್ಣಗಾಯಿತು. ಗಾಬರಿಯಾದರೆ ಅವಳ ಬಾಯಿಗೆ ಮನೆಮಾತು ತೆಲುಗೇ ಬರುವುದು. "ಏಮ್ಮಾ, ಬಾಗಲೇದಾ? ಉಪ್ಪು ಖಾರ ಕಮ್ಮಿ ಆಯ್ತಾ?"

"ಚೆನ್ನಾಗೈತೆ ತಿಪ್ಪಮ್ಮ. ಊಟ ಬಲು ಚೆನ್ನಾಗೈತೆ."

"ಮತ್ತೆ? ನಿಮ್ಮಪ್ಪಾರು ನಮ್ಮನೆಗೆ ಬಂದ್ರೆ ತಟ್ಟೆ ತೊಳ್ಕೊಂಡು ಕುಡಿದು ಹೋಗಾರು. ನೀವೂ ಹಂಗೇ ಅಂತ ನಾನು ನಮ್ಮ ಸೊಸೆಗೆ ಹೇಳ್ತಿದ್ದೆ."

ಅಕ್ಕ ತಟ್ಟೆಯ ಮುಂದೆಯೇ ಕೂತಿದ್ದರು. ಎಡಗೈಯಿಂದ ಸೆರಗು ಬಾಯಿಗೊತ್ತಿಕೊಂಡರು. ಅವರು ಅಳುವುದನ್ನು ನಾನು ಮಾವನವರು ಸತ್ತಾಗಲೂ ನೋಡಿರಲಿಲ್ಲ. ಆಮೇಲೆ ನಮ್ಮಿಬ್ಬರಿಗೂ ಹೇಳಿದರು.

ಮಲಾವಿಯಲ್ಲಿ ಅವರಿದ್ದ ಮನೆಯಾಕೆಯ ಹೆಸರು ಎನಿಫಾ. ಗಂಡ ದೂರದ ಗಣಿಯಲ್ಲಿ ಕೂಲಿ, ಮನೆಯಲ್ಲಿ ಅತ್ತೆ ಮತ್ತು ಮೂವರು ಮಕ್ಕಳು. ಬಳಗದವರು ಅಕ್ಕನ ಪಾಲಿಗೆಂದು ಆ ಮನೆಗೆ ಮೆಕ್ಕೆಜೋಳ ಕೊಡುತ್ತಿದ್ದರು. ಆದರೆ ಬೆಳೆ ಕೈಗೆ ಬರುವ ಮುಂಚಿನ ತಿಂಗಳುಗಳಲ್ಲಿ ಅದರಲ್ಲೇ ಸುತ್ತಲಿನ ನೆಂಟರ ಮನೆಗಳಿಗೂ ಹಂಚಬೇಕು, ಕೊಡದೆ ಇರುವುದು ಅಲ್ಲಿ ನಡೆಯುವುದಿಲ್ಲ. ಮೆಕ್ಕೆಜೋಳದ ಹಿಟ್ಟಿನ ಮುದ್ದೆ, ಸೊಪ್ಪು, ಅಷ್ಟೇ ಊಟ. ಆ ಮನೆಯಲ್ಲಿ ಒಂದು ಪದ್ಧತಿ ಇತ್ತು. ಸಾಯಂಕಾಲ ಮೊದಲು ಅತಿಥಿಗೆ ಬಡಿಸುತ್ತಾರೆ. ಅತಿಥಿಯಾದವರು ಒಂದಿಷ್ಟು ಉಂಡು ಉಳಿದದ್ದನ್ನು ಬಿಟ್ಟು ಏಳುತ್ತಾರೆ, ಆ ತಟ್ಟೆ ಮಕ್ಕಳಿಗೆ ಹೋಗುತ್ತದೆ. ಅದನ್ನು ಯಾರೂ ಬಾಯಿ ಬಿಟ್ಟು ಹೇಳುವುದಿಲ್ಲ, ಎಲ್ಲರಿಗೂ ಗೊತ್ತಿರುವ ಮಾತು. ಅಕ್ಕನಿಗೆ ಗೊತ್ತಿರಲಿಲ್ಲ.

"ಮಕ್ಕಳು ಬಾಗ್ಲಲ್ಲಿ ನಿಂತ್ಕೊಳ್ಳಾವು," ಎಂದರು ಅಕ್ಕ. "ನನ್ನ ನೋಡೋಕೆ ಬರ್ತಾವೆ ಅಂದ್ಕೊಂಡೆ. ನೋಡ್ರಪ್ಪಾ, ಹಿಂಗೆ ಒಂದು ಕಾಳೂ ಬಿಡ್ದಂಗೆ ಉಣ್ಬೇಕು ಅಂತ ತೋರಿಸ್ತಿದ್ದೆ. ತಟ್ಟೆ ತೊಳೆದು ಕುಡೀತಿದ್ದೆ. ಕುಡಿದಾದ ಮ್ಯಾಲೆ ಅವು ಹೊರಟೋಗಾವು. ನಾನು ಖಾಲಿ ಮಾಡಿದಷ್ಟೂ ಎನಿಫಾ ಮಾರನೆ ದಿನ ಇನ್ನೊಂಚೂರು ಜಾಸ್ತಿ ಹಾಕೋಳು. ಬಡಿಸಿದ ಪ್ರಸಾದ ಬ್ಯಾಡ ಅನ್ಬಾರ್ದಲ್ಲ, ಅದನ್ನೂ ಉಣ್ತಿದ್ದೆ."

ತಿಳಿದದ್ದು ಜ್ವರ ಬಂದ ಮೇಲೆ. ಒಂದು ಸಂಜೆ ಉಣ್ಣಲಾಗದೆ ತಟ್ಟೆ ದೂಡಿ ಗೋಡೆ ಕಡೆ ತಿರುಗಿ ಮಲಗಿದರು. ಸದ್ದಾಯಿತೆಂದು ತಿರುಗಿದರೆ ಮೂವರೂ ಮಕ್ಕಳು ತಟ್ಟೆಯ ಸುತ್ತ ಕೂತಿದ್ದರು. ಕಿರಿಯವಳು ಬಗ್ಗಿ ತಟ್ಟೆ ನೆಕ್ಕುತ್ತಿದ್ದಳು. ಆ ಕೂಸಿನ ತೂಕ ಏರುತ್ತಿಲ್ಲವೆಂದು ತಿಂಗಳಿಂದ ತಿಂಗಳಿಗೆ ತಲೆ ಕೆಡಿಸಿಕೊಂಡು, ಹುಳದ ಮಾತ್ರೆ ಕೊಟ್ಟವರೇ ಇವರು.

ತಿಪ್ಪಮ್ಮ ನೆಲದ ಮೇಲೆ ಕೂತುಬಿಟ್ಟಳು. ನನಗೆ ಬಾಯಲ್ಲಿ ಸಮಾಧಾನದ ಮಾತು ಬಂದಿತ್ತು, ತಿಳಿಯದೆ ಆದದ್ದು ಎಂದೆಲ್ಲ. ಅಷ್ಟರಲ್ಲಿ ಅವಳೇ ಕೇಳಿದಳು.

"ಆ ಪಿಲ್ಲಲು, ಆ ಮಕ್ಕಳು, ಆಮ್ಯಾಲೆ ಏನು ತಿಂತಿದ್ವು?"

"ತಳದಲ್ಲಿ ಇದ್ರೆ ಇಷ್ಟು. ಇಲ್ಲದಿದ್ರೆ ಇಲ್ಲ."

"ಇದನ್ನ ಆಯಮ್ಮಂಗೆ ಹೇಳಿದ್ರಾ?"

"ಇಲ್ಲ. ಜ್ವರ ಜಾಸ್ತಿ ಆಯ್ತು, ಕರ್ಕೊಂಡು ಬಂದುಬಿಟ್ರು. ಅವಳ ಮುಖ ನೋಡೋಕೆ ಧೈರ್ಯ ಆಗ್ಲಿಲ್ಲ."

"ಮತ್ತೆ ನಮಗೆ ಹೇಳಿ ಏನು ಬಂತಮ್ಮಾ?" ಎಂದಳು ತಿಪ್ಪಮ್ಮ. ಮಾತು ಒರಟಾಯಿತೆಂದು ಅವಳಿಗೇ ಅನ್ನಿಸಿತೇನೋ, ಎದ್ದು ಅಕ್ಕನ ಕೈಗೆ ನೀರು ಹಾಕಿದಳು. ತಟ್ಟೆಯಲ್ಲಿ ಉಳಿದದ್ದನ್ನು ಅವಳು ಏನು ಮಾಡಿದಳೋ ನಾನು ನೋಡಲಿಲ್ಲ.

ವಾಪಸ್ ಬರುವಾಗ ಕಾರಿನಲ್ಲಿ ನಾನು ಹಾದಿಯುದ್ದಕ್ಕೂ ಮಾತಾಡಿದೆ. ಎನಿಫಾಗೆ ಫೋನ್ ಮಾಡಿ, ಈ ಸನ್ಮಾನ ಮುಂದೂಡಲಿ, ನಮ್ಮನೆಯವರಿಗೆ ನಾನೇ ಹೇಳುತ್ತೇನೆ. ಅಕ್ಕ ಎಲ್ಲಕ್ಕೂ ತಲೆಯಾಡಿಸಿ, ಚಳ್ಳಕೆರೆಯ ದೀಪಗಳು ಕಾಣುವ ಹೊತ್ತಿಗೆ ಒಂದೇ ಮಾತು ಹೇಳಿದರು. ಸಭೆಯಲ್ಲಿ ತಾವೇ ಎಲ್ಲರಿಗೂ ಹೇಳುವುದಾಗಿ, ಆಮೇಲೆ ಯಾರೂ ಮತ್ತೆ ಹೋಗು ಎನ್ನುವುದಿಲ್ಲವೆಂದು. ಅದರಲ್ಲಿ ಅವರಿಗೆ ಒಂದು ಬಿಡುಗಡೆ ಕಂಡಿತ್ತು.

ಸನ್ಮಾನದ ದಿನ ಭವನದ ಬಾಗಿಲಿಗೆ ಅದೇ ಬ್ಯಾನರ್. ಒಳಗೆ ವೇದಿಕೆಯ ಮೇಲೆ ಅದಕ್ಕಿಂತ ದೊಡ್ಡದೊಂದು. ಅಕ್ಕ ಕೂತ ಕುರ್ಚಿಯ ಹಿಂದೆಯೇ ಆ ಮೂವರು ಮಕ್ಕಳು ಆಳೆತ್ತರಕ್ಕೆ ನಿಂತಿದ್ದರು. ಶಾಲು, ಹಾರ, ಹಣ್ಣಿನ ಬುಟ್ಟಿ, ತಲೆಗೆ ಪೇಟ. ವೇದಿಕೆಯ ಮೇಲಿದ್ದ ಗಣ್ಯರೆಲ್ಲ ಒಬ್ಬೊಬ್ಬರಾಗಿ ಮಾತಾಡಿ, ತಮ್ಮ ತಮ್ಮ ಸೇವೆಯನ್ನೂ ನೆನಪಿಸಿಕೊಂಡು ಮುಗಿಸುವ ಹೊತ್ತಿಗೆ ಹಿಂದಿನ ಸಾಲಿನವರು ಊಟದ ಹಾಲ್ ಕಡೆ ನೋಡತೊಡಗಿದ್ದರು. ಕೊನೆಗೆ ಅಕ್ಕನ ಕೈಗೆ ಮೈಕ್ ಬಂತು.

ಅವರು ಮೊಳಕಾಲ್ಮೂರಿನಲ್ಲಿ ಹೇಳಿದ್ದನ್ನೇ ಹೇಳಿದರು. ಅಷ್ಟೇ ಸರಳವಾಗಿ, ಅಷ್ಟೇ ಕಡಿಮೆ ಮಾತಿನಲ್ಲಿ. ಬ್ಯಾನರಿನ ಕಡೆ ಕೈ ತೋರಿಸಿ, "ಈ ಮಕ್ಕಳು ನನ್ನ ನೋಡೋಕೆ ನಿಂತಿಲ್ಲ, ಹಸಿದು ನಿಂತಿದಾವೆ, ಅವರ ಊಟ ನಾನು ಉಂಡಿದೀನಿ" ಎಂದರು. ಸಭೆ ಗಪ್ಪಾಯಿತು. ನನ್ನ ಪಕ್ಕದಲ್ಲಿದ್ದ ನಮ್ಮನೆಯವರು ಕುರ್ಚಿಯ ಕೈ ಹಿಡಿದುಕೊಂಡರು. ಅವರಿಗೆ ಹಿಂದಿನ ದಿನವೇ ಹೇಳಿದ್ದೆ, ಹೇಳಿದ್ದನ್ನು ಅವರು ಪೂರ್ತಿ ಕೇಳಿಸಿಕೊಂಡದ್ದು ಈಗಲೇ ಇರಬೇಕು.

ಆ ಮೌನ ಇನ್ನೊಂದಿಷ್ಟು ಹೊತ್ತು ಇದ್ದಿದ್ದರೆ ಏನಾಗುತ್ತಿತ್ತೋ. ಮುರುಗೇಶ್ ಮೇಷ್ಟ್ರು ಎದ್ದು ಮೈಕ್ ತೆಗೆದುಕೊಂಡರು. ಅವರ ಕಣ್ಣಲ್ಲಿ ನಿಜವಾಗಿಯೂ ನೀರಿತ್ತು.

"ನೋಡ್ರಿ ಬಂಧುಗಳೇ, ಎಂಥಾ ಮನಸ್ಸು. ತನ್ನದಲ್ಲದ ತಪ್ಪನ್ನೂ ತನ್ನ ತಲೆ ಮೇಲೆ ಹಾಕ್ಕೊಳ್ಳೋ ಇಂಥ ತಾಯಿ ನಮ್ಮೂರಲ್ಲಿ ಹುಟ್ಟಿದಾರೆ ಅನ್ನೋದೇ ನಮ್ಮ ಪುಣ್ಯ."

ಭವನದ ತುಂಬ ಚಪ್ಪಾಳೆ. ಎದ್ದು ನಿಂತು ತಟ್ಟಿದವರೂ ಇದ್ದರು. ಅಕ್ಕ ಕೈ ಮುಗಿದು ಬೇಡ ಬೇಡ ಎಂದು ತಲೆಯಾಡಿಸಿದರು, ಅದಕ್ಕೆ ಚಪ್ಪಾಳೆ ಇನ್ನೂ ಜೋರಾಯಿತು. ಊಟಕ್ಕೆ ಕೂತಾಗ ಎಂದೂ ತಟ್ಟೆ ತೊಳೆದು ಕುಡಿಯದವರೆಲ್ಲ ಅವತ್ತು ಅವರ ಕಡೆ ನೋಡುತ್ತಾ ತೊಳೆದು ಕುಡಿದರು. ಇಬ್ಬರು ಹೆಂಗಸರು ನನ್ನ ಹತ್ತಿರ ಬಂದು, ನಾವೂ ಆಫ್ರಿಕಾಕ್ಕೆ ಹೋಗಬೇಕು ಅನ್ನಿಸುತ್ತಿದೆ, ಅದೇ ಮನೆಯಲ್ಲಿ ಜಾಗ ಇರುತ್ತದಾ ಎಂದು ಕೇಳಿದರು. ನನಗೆ ಕೋಪ ನೆತ್ತಿಗೇರಿತು, ಕೈ ತೊಳೆಯಲು ಎದ್ದು ಹೋದೆ.

ಮನೆಗೆ ಬಂದು ಅಕ್ಕ ಸೀರೆ ಬಿಚ್ಚಿ ಮಡಿಸಿಟ್ಟು, ಹಣ್ಣಿನ ಬುಟ್ಟಿಯನ್ನು ಕೆಲಸದ ಗೀತಮ್ಮನಿಗೆ ಕೊಟ್ಟು ಮಲಗಿದರು. ಮಾರನೆಯ ದಿನ ಮಧ್ಯಾಹ್ನದವರೆಗೂ ಕೆಳಗಿಳಿಯಲಿಲ್ಲ. ಇಳಿದು ಬಂದಾಗ ಕೈಯಲ್ಲಿ ಮೊಬೈಲ್ ಇತ್ತು. ಹಾಲಿನಲ್ಲಿ ನಾನೂ ನಮ್ಮನೆಯವರೂ ಕೂತಿದ್ದೆವು.

"ಇಲ್ಲಿ ಕೂತ್ಕೊಂಡು ಫೋನ್ ಮಾಡ್ತೀನಿ," ಎಂದರು. "ಒಬ್ಬಳೇ ಮಾಡೋಕೆ ಆಗ್ತಿಲ್ಲ."

ಔಷಧದ ಕೊಠಡಿಯ ಹುಡುಗನ ಫೋನಿಗೆ ಮಾಡಿದರು. ಅವನು ಹೋಗಿ ಎನಿಫಾಳನ್ನು ಕರೆತರುವವರೆಗೂ ಕಾದೆವು. ಬಳಿಕ ಆ ಕಡೆಯಿಂದ ಒಂದು ದೊಡ್ಡ ಗಂಟಲಿನ ಹೆಂಗಸಿನ ದನಿ ಬಂತು, ನಗುವಿನ ಜೊತೆ. ಅವರ ಭಾಷೆ ನಮಗೆ ಹೇಗೆ ತಿಳಿಯಬೇಕು? ಅಕ್ಕ ತಡೆತಡೆದು ಮಾತಾಡಿದರು. ಪೆಪಾನಿ, ಪೆಪಾನಿ ಎಂಬ ಮಾತು ಮತ್ತೆ ಮತ್ತೆ ಬಂತು. ಅದು ತಪ್ಪಾಯಿತು ಎನ್ನುವ ಮಾತೆಂದು ಹೇಳಿಕೊಡಬೇಕಾಗಿರಲಿಲ್ಲ. ಮಾತು ಮುಗಿಸಿ ಅವರು ತಲೆ ತಗ್ಗಿಸಿ ಕಾದರು.

ಆ ಕಡೆಯವಳು ನಿಧಾನಕ್ಕೆ ಹೇಳತೊಡಗಿದಳು. ಬಯ್ಗುಳದ ದನಿಯಲ್ಲ, ಮಗುವಿಗೆ ಹೇಳುವ ದನಿ. ಕೇಳುತ್ತಾ ಕೇಳುತ್ತಾ ಅಕ್ಕನ ಮುಖ ಬದಲಾಯಿತು. ನಮ್ಮನೆಯವರಿಗೆ ತಡೆಯಲಾಗಲಿಲ್ಲ.

"ಏನಂತೆ ಅಕ್ಕ? ಬೈತಾ ಅವ್ಳಾ?"

ಅಕ್ಕ ಫೋನನ್ನು ಎದೆಗೆ ಒತ್ತಿ ಹಿಡಿದು ಹೇಳಿದರು. "ಅವರು ಬೇರೇನೇ ಅಂದ್ಕೊಂಡಿದ್ರಂತೆ ಕಣೋ. ನಾನು ಬಂದ ಮೊದಲನೆ ದಿನಾನೇ ಅವಳ ಅತ್ತೆ ಅಂದ್ರಂತೆ, ಈಯಮ್ಮನ ದೇಶದಲ್ಲಿ ಹಸಿವು ಬಾಳ ಇರ್ಬೇಕು, ಪಾಪ, ತಟ್ಟೆ ತೊಳೆದ ನೀರನ್ನೂ ಬಿಡಲ್ಲ ಅಂತ. ಅಷ್ಟು ಹಸಿದೋಳಿಗೆ ಏನು ಹೇಳೋದು ಅಂತ ಸುಮ್ನಿದ್ರಂತೆ. ಅದಕ್ಕೇ ದಿನಾ ಜಾಸ್ತಿ ಹಾಕ್ತಿದ್ರಂತೆ. ಅವಳು ಉಣ್ಲಿ, ನೀವು ಕೇಳಬ್ಯಾಡ್ರಿ ಅಂತ ಮಕ್ಕಳಿಗೂ ಹೇಳಿದ್ರಂತೆ."

ವರ್ಷವರ್ಷ ಮಿಲ್ಲಿನ ಅಂಗಳದಲ್ಲಿ ಪಂಕ್ತಿ ಹಾಕಿಸಿ ಊರಿಗೆಲ್ಲ ಉಣ್ಣಿಸುವ ಮನೆ ನಮ್ಮದು. ಆ ಮನೆಯ ಮಗಳನ್ನು ಹಸಿದವಳೆಂದು ಮರುಗಿ, ಮಣ್ಣಿನ ಮನೆಯ ಹೆಂಗಸರು ತಮ್ಮ ಕೂಸುಗಳ ತುತ್ತು ತೆಗೆದು ಹಾಕಿದ್ದರು. ನನಗೆ ಅಳು ಬಂತು, ನಾಚಿಕೆಯಿಂದ ಬಂದ ಅಳು ಅದು.

ಫೋನಿನಲ್ಲಿ ಎನಿಫಾ ಏನೋ ಕೇಳುತ್ತಿದ್ದಳು. ಅಕ್ಕ ಕಿವಿಗಿಟ್ಟುಕೊಂಡು ಕೇಳಿದರು, ಒಂದೆರಡು ಮಾತಿನಲ್ಲಿ ಉತ್ತರ ಕೊಟ್ಟು ಇಟ್ಟುಬಿಟ್ಟರು.

"ಮತ್ತೇನು ಕೇಳಿದ್ಲು ಅಕ್ಕ?" ಎಂದೆ ನಾನು.

"ಈಗ ಅಲ್ಲ್ಯಾದ್ರೂ ನಿನಗೆ ಊಟ ಸಿಗ್ತಾ ಐತಾ ಅಂದ್ಲು. ಸಿಗದಿದ್ರೆ ಇಲ್ಲಿಗೇ ಬಂದುಬಿಡು, ಈ ಸಲ ಜೋಳ ಚೆನ್ನಾಗಿ ಬಂದೈತೆ, ಹೆಂಗೋ ಆಗುತ್ತೆ ಅಂದ್ಲು."

"ನೀವೇನಂದ್ರಿ?"

"ಬರ್ತೀನಿ ಅಂದೆ." ಅವರು ಗೋಡೆಗೆ ಒರಗಿ ಕಣ್ಣು ಮುಚ್ಚಿದರು. "ಸೇವೆಗಲ್ಲ ವಾಣಿ. ಸೇವೆ ಮಾಡೋ ಶಕ್ತಿ ನನಗಿಲ್ಲ. ನಮ್ಮನೇಲಿ ಯಾವತ್ತೂ ಹಸಿವು ಇರ್ಲಿಲ್ಲ ಅಂತ ಅವಳ ಎದುರಿಗೆ ಕೂತು ಹೇಳ್ಬೇಕು. ಫೋನಲ್ಲಿ ಹೇಳೋಕೆ ನನ್ನ ಕೈಲಾಗ್ಲಿಲ್ಲ."